ದಳಪತಿಯ ವೃತ್ತಾಂತದಲ್ಲಿ ಸಿಪಾಯಿಯ ವರ್ಷಗಳು

ಸೈನ್ಯದಲ್ಲಿ ಉನ್ನತ ಪದವಿಯನ್ನು ಪಡೆದವನೊಬ್ಬನು ಹೊಸ ಅಧಿಕಾರವನ್ನು ವಹಿಸಿಕೊಳ್ಳುವಾಗಲೋ, ನಿವೃತ್ತನಾಗುವಾಗಲೋ, ಊರಿನವರಿಂದ ಸನ್ಮಾನಿತನಾಗುವಾಗಲೋ ಅವನ ಸೇವಾವೃತ್ತಾಂತವನ್ನು ಒಂದು ಪುಟದಲ್ಲಿ ಬರೆದು ಅಚ್ಚುಹಾಕಿಸುವ ವಾಡಿಕೆಯುಂಟು. ಇಂತಹ ವೃತ್ತಾಂತಗಳು ಬಹುಮಟ್ಟಿಗೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತವೆ. ಇಂಥ ವರ್ಷದಲ್ಲಿ ಇಂಥ ಪಲಟಣಿನಲ್ಲಿ ಅಧಿಕಾರಿಯಾಗಿ ನಿಯಮಿತನಾದನೆಂಬುದು ಮೊದಲನೆಯ ವಾಕ್ಯ. ಪದಕಗಳ ಪಟ್ಟಿ ಕೊನೆಯದು. ಆದರೆ ಕೆಲವರ ವಿಷಯದಲ್ಲಿ ಈ ಮೊದಲನೆಯ ವಾಕ್ಯಕ್ಕೂ ಹಿಂದೆ ಐದೋ ಹತ್ತೋ ವರ್ಷಗಳ ಸೇವೆಯಿರುತ್ತದೆ. ಆ ವರ್ಷಗಳಲ್ಲಿ ಅವನು ಆಜ್ಞೆಯನ್ನು ಕೊಡುವವನಾಗಿರಲಿಲ್ಲ, ನಡೆಸುವವನಾಗಿದ್ದನು. ಲಾಯವನ್ನು ಗುಡಿಸಿದನು, ಇರುಳಿನಲ್ಲಿ ಪಹರೆ ನಿಂತನು, ತನಗಿಂತ ಚಿಕ್ಕವರಿಗೆ ಕೈಯೆತ್ತಿ ವಂದಿಸಿದನು. ಆ ವರ್ಷಗಳನ್ನು ಈ ಒಂದು ಪುಟದಲ್ಲಿ ಏನು ಮಾಡಬೇಕು? ಬಿಟ್ಟುಬಿಡುವುದೇ? ಹೇಳುವುದಾದರೆ ಎಲ್ಲಿ, ಎಷ್ಟು, ಯಾವ ಧ್ವನಿಯಲ್ಲಿ ಹೇಳುವುದು?

ಮೇಲ್ನೋಟಕ್ಕೆ ಇದು ಕಚೇರಿಯ ಗುಮಾಸ್ತನೇ ತೀರ್ಮಾನಿಸಬಹುದಾದ ಸಣ್ಣ ಸಂಗತಿಯಂತೆ ತೋರುತ್ತದೆ. ವಿಚಾರಮಾಡಿದರೆ, ಮನುಷ್ಯನು ತನ್ನ ಪೂರ್ವಾವಸ್ಥೆಗೆ ಯಾವ ವಿಧದಲ್ಲಿ ಋಣಿಯೆಂಬ ಹಳೆಯ ಪ್ರಶ್ನೆಯೇ ಇಲ್ಲಿ ಸೈನಿಕನ ಉಡುಪನ್ನು ತೊಟ್ಟು ಬಂದಿರುವುದೆಂದು ತಿಳಿಯುತ್ತದೆ. ಬಡತನದಿಂದ ಬಂದ ಧನಿಕನಿಗೂ, ಕೂಲಿಮಠದ ಉಪಾಧ್ಯಾಯನಾಗಿದ್ದು ಮಂತ್ರಿಯಾದವನಿಗೂ ಈ ಪ್ರಶ್ನೆ ಉಂಟು. ಸೈನ್ಯದಲ್ಲಿ ಮಾತ್ರ ಅದು ಹೆಚ್ಚು ತೀಕ್ಷ್ಣವಾಗಿದೆ. ಏಕೆಂದರೆ ಅಲ್ಲಿ ಎರಡು ಅವಸ್ಥೆಗಳ ನಡುವಣ ಗೆರೆಯನ್ನು ಕಾನೂನೇ ಎಳೆದಿದೆ. ಉಣ್ಣುವ ಮನೆ ಬೇರೆ, ಮಲಗುವ ಮನೆ ಬೇರೆ. ವಂದಿಸುವವನು ಯಾರು, ವಂದನೆಯನ್ನು ಸ್ವೀಕರಿಸುವವನು ಯಾರು ಎಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಈ ಗೆರೆಯನ್ನು ದಾಟಿದವನನ್ನು ಎರಡು ಕಡೆಯವರೂ ಸ್ವಲ್ಪ ಕಾಲ ಅನುಮಾನದಿಂದಲೇ ನೋಡುತ್ತಾರೆ.

ಗೆರೆಯು ಎಷ್ಟು ಆಳವಾಗಿತ್ತೆಂಬುದಕ್ಕೆ ಇಂಗ್ಲೆಂಡಿನ ಸೈನ್ಯದ ಚರಿತ್ರೆಯೇ ಸಾಕ್ಷಿ. 1871ರವರೆಗೆ ಅಲ್ಲಿನ ಕಾಲಾಳು ಮತ್ತು ಕುದುರೆದಂಡುಗಳಲ್ಲಿ ಅಧಿಕಾರಪದವಿಗಳನ್ನು ಹಣ ಕೊಟ್ಟು ಕೊಳ್ಳುವ ಪದ್ಧತಿಯಿತ್ತು. ಆ ಪದ್ಧತಿ ರದ್ದಾದ ಮೇಲೂ ಸಂಬಳವನ್ನು ಮಾತ್ರ ನಂಬಿ ಅಶ್ವದಳದ ಅಧಿಕಾರಿಯಾಗಿ ಬಾಳುವುದು ಅಸಾಧ್ಯವಾಗಿದ್ದಿತು. ಕೆಳಗಿನ ಸಾಲಿನಿಂದ ಬಂದವರಿಗೆ ದೊರೆಯುತ್ತಿದ್ದುದು ಹೆಚ್ಚಾಗಿ ಉಗ್ರಾಣದ ಮೇಲ್ವಿಚಾರಣೆ, ಸವಾರಿಯನ್ನು ಕಲಿಸುವ ಕೆಲಸ, ಇಂತಹವು. ಹಿಂದೂದೇಶದ ಸೈನ್ಯದಲ್ಲಿಯಂತೂ ಗೆರೆಯ ಜೊತೆಗೆ ಬಣ್ಣವೂ ಸೇರಿಕೊಂಡಿತು. ಜಮಾದಾರ, ಸುಬೇದಾರ, ರಿಸಾಲದಾರ ಎಂಬ ವೈಸರಾಯರ ಕಮಿಷನ್ ಪಡೆದವರು, ಮೂವತ್ತು ವರ್ಷ ದುಡಿದವರಾದರೂ, ನಿನ್ನೆ ಹಡಗಿನಿಂದಿಳಿದ ಇಂಗ್ಲಿಷ್ ಸೆಕೆಂಡ್ ಲೆಫ್ಟಿನೆಂಟನಿಗಿಂತ ಕೆಳಗಿನವರೆಂದೇ ನಿಯಮವಿದ್ದಿತು. 1918ರಲ್ಲಿ ಸ್ಯಾಂಡ್‌ಹರ್ಸ್ಟ್ ಪಾಠಶಾಲೆಯಲ್ಲಿ ಹಿಂದೂದೇಶದವರಿಗೆ ವರ್ಷಕ್ಕೆ ಹತ್ತು ಸ್ಥಾನಗಳು ದೊರೆತವು. ಕೊಡಗಿನ ಕಾರಿಯಪ್ಪನವರು 1919ರಲ್ಲಿ ಇಂದೂರಿನ ಡೇಲಿ ಕಾಲೇಜಿನಲ್ಲಿ ಶಿಕ್ಷಣ ಮುಗಿಸಿ ಅಧಿಕಾರಿಗಳಾದವರು. ಅವರ ವೃತ್ತಾಂತದಲ್ಲಿ ಪ್ರಕೃತ ಪ್ರಶ್ನೆಯೇ ಹುಟ್ಟುವುದಿಲ್ಲ. 1932ರಲ್ಲಿ ಡೆಹರಾಡೂನಿನಲ್ಲಿ ಮಿಲಿಟರಿ ಅಕಾಡೆಮಿ ತೆರೆದಾಗ ಮೊದಲ ತಂಡದ 40 ಸ್ಥಾನಗಳಲ್ಲಿ 15ನ್ನು ಸೈನ್ಯದೊಳಗಿನ ಸಿಪಾಯಿಗಳಿಗೆಂದೇ ಇಟ್ಟಿದ್ದರು. ಅಂದಿನಿಂದ ಈ ಪ್ರಶ್ನೆ ಈ ದೇಶದ ಮನೆಗಳಿಗೂ ಬಂದಿತು.

ಇದನ್ನು ಪರೀಕ್ಷಿಸುವುದಕ್ಕೆ ಸರ್ ವಿಲಿಯಂ ರಾಬರ್ಟ್‌ಸನ್ನನ ಚರಿತ್ರೆಗಿಂತ ಉತ್ತಮವಾದ ಉದಾಹರಣೆ ದೊರೆಯಲಾರದು. ಲಿಂಕನ್‌ಷೈರ್ ಪ್ರಾಂತದ ವೆಲ್‌ಬರ್ನ್ ಎಂಬ ಹಳ್ಳಿಯಲ್ಲಿ 1860ರಲ್ಲಿ ಈತನು ಹುಟ್ಟಿದನು. ತಂದೆ ದರ್ಜಿ, ಊರಿನ ಅಂಚೆಯನ್ನೂ ನೋಡಿಕೊಳ್ಳುತ್ತಿದ್ದನು. ಹುಡುಗನು ಹದಿಮೂರನೆಯ ವಯಸ್ಸಿಗೆ ಶಾಲೆಯನ್ನು ಬಿಟ್ಟು, ದೊಡ್ಡ ಮನೆಯೊಂದರಲ್ಲಿ ಊಳಿಗದವನಾಗಿದ್ದು, 1877ರ ನವೆಂಬರಿನಲ್ಲಿ 16ನೆಯ ಲ್ಯಾನ್ಸರ್ಸ್ ಎಂಬ ಭಲ್ಲೆಯ ಕುದುರೆದಂಡಿನಲ್ಲಿ ಸಾಮಾನ್ಯ ಸಿಪಾಯಿಯಾಗಿ ಸೇರಿದನು. ಕೆಂಪು ಅಂಗಿಯಲ್ಲಿ ಮಗನನ್ನು ಕಾಣುವುದಕ್ಕಿಂತ ಅವನನ್ನು ಮಣ್ಣುಮಾಡುವುದೇ ಲೇಸೆಂದು ತಾಯಿ ಬರೆದಳು. ಅಂದಿನ ಇಂಗ್ಲೆಂಡಿನಲ್ಲಿ ಸಿಪಾಯಿಯೆಂದರೆ ಮರ್ಯಾದಸ್ಥ ಬಡವರೂ ಮುಖ ತಿರುಗಿಸುವಂತಹವನಾಗಿದ್ದನೆಂಬುದನ್ನು ಈ ಒಂದು ಮಾತೇ ತಿಳಿಸುತ್ತದೆ. ಹುಡುಗನು ಓಟದಲ್ಲಿ ಹೆಸರು ಪಡೆದನು. ಕತ್ತಿ, ಭಲ್ಲೆ, ಗುರಿಗಳಲ್ಲಿ ಬಹುಮಾನ ಪಡೆದನು. ಬಿಡುವಿನಲ್ಲಿ ಯುದ್ಧಚರಿತ್ರೆಗಳನ್ನು ಓದಿದನು. 1885ರಲ್ಲಿ ಟ್ರೂಪ್ ಸಾರ್ಜೆಂಟ್ ಮೇಜರ್ ಆದನು. 1888ರ ಜೂನಿನಲ್ಲಿ 3ನೆಯ ಡ್ರಾಗೂನ್ ಗಾರ್ಡ್ಸ್ ದಳದಲ್ಲಿ ಅಧಿಕಾರಪದವಿ ದೊರೆಯಿತು. ಅಧಿಕಾರಿಯ ಸಮವಸ್ತ್ರವನ್ನು ಊರಿನ ದರ್ಜಿಯಾದ ತಂದೆಯೇ ಹೊಲಿದುಕೊಟ್ಟನು.

ಆ ದಳವು ಆಗ ಹಿಂದೂದೇಶದಲ್ಲಿದ್ದಿತು. ಇಲ್ಲಿ ಖರ್ಚು ಕಡಮೆಯಾದುದರಿಂದ ಸಂಬಳದಲ್ಲಿ ಬಾಳುವುದು ಸಾಧ್ಯವಾಯಿತು. ಭೋಜನಶಾಲೆಯಲ್ಲಿ ಇತರ ಅಧಿಕಾರಿಗಳು ಮದ್ಯ ಸೇವಿಸುತ್ತಿದ್ದಾಗ ಈತನು ನೀರನ್ನು ಕುಡಿಯುತ್ತಿದ್ದನು. ಅಲ್ಲಿ ಚುಂಗಾಣಿ ಸೇದುವುದು ನಿಷಿದ್ಧ, ಚುಟ್ಟ ಕೊಳ್ಳಲು ದುಡ್ಡಿಲ್ಲ. ಆದುದರಿಂದ ಧೂಮಪಾನವನ್ನೂ ಬಿಟ್ಟಿದ್ದನು. ಉಳಿದ ವೇಳೆಯಲ್ಲಿ ಉರ್ದು, ಹಿಂದಿ, ಪಂಜಾಬಿ, ಪಷ್ತು, ಪಾರಸಿ ಮುಂತಾದ ಭಾಷೆಗಳನ್ನು ಕಲಿತನು. ಸಿಮ್ಲೆಯಲ್ಲಿ ಗೂಢವರ್ತಮಾನದ ಶಾಖೆಯಲ್ಲಿ ಕೆಲಸಮಾಡಿ, 1895ರ ಚಿತ್ರಾಲ್ ದಂಡಯಾತ್ರೆಯಲ್ಲಿ ಗಾಯಗೊಂಡು, 1897ರಲ್ಲಿ ಕ್ಯಾಂಬರ್ಲಿಯ ಸ್ಟಾಫ್ ಕಾಲೇಜನ್ನು ಸೇರಿದನು. ಸಿಪಾಯಿಯಾಗಿದ್ದವರಲ್ಲಿ ಆ ವಿದ್ಯಾಲಯದಿಂದ ತೇರ್ಗಡೆಯಾದವರಲ್ಲಿ ಈತನೇ ಮೊದಲಿಗನು. 1910ರಲ್ಲಿ ಅದರ ಮುಖ್ಯಸ್ಥನೂ ಆದನು. 1915ರ ಡಿಸೆಂಬರಿನಿಂದ 1918ರ ಫೆಬ್ರವರಿಯವರೆಗೆ ಬ್ರಿಟಿಷ್ ಸಾಮ್ರಾಜ್ಯದ ಸೇನೆಗೆಲ್ಲ ಮುಖ್ಯ ಸಲಹೆಗಾರನಾಗಿದ್ದು 1920ರಲ್ಲಿ ಫೀಲ್ಡ್ ಮಾರ್ಷಲ್ ಪದವಿಯನ್ನು ಪಡೆದನು.

ಈ ಜೀವನವನ್ನು ಮೂರು ಬಗೆಯಾಗಿ ಬರೆಯಬಹುದು. ಅಧಿಕಾರಿಗಳ ಪದವಿಯ ತಾರೀಖುಗಳನ್ನು ಅಚ್ಚುಹಾಕುವ ಆರ್ಮಿ ಲಿಸ್ಟಿನಂತೆ 1888ರಿಂದ ಆರಂಭಿಸಬಹುದು. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇಪ್ಪತ್ತೆಂಟು ವರ್ಷದ ಸೆಕೆಂಡ್ ಲೆಫ್ಟಿನೆಂಟನು ಎಲ್ಲಿಂದ ಬಂದನೆಂಬುದು ತಿಳಿಯದೆ ಓದುವವನು ತಬ್ಬಿಬ್ಬಾಗುತ್ತಾನೆ. ಪತ್ರಿಕೆಗಳ ರೀತಿ ಎರಡನೆಯದು: ದರ್ಜಿಯ ಮಗ, ಮನೆಯ ಆಳು, ಈಗ ನೋಡಿ ಫೀಲ್ಡ್ ಮಾರ್ಷಲ್! ಇದರಲ್ಲಿ ಬೆರಗುಂಟು, ಆದರೆ ಸಿಪಾಯಿಯ ವರ್ಷಗಳು ಇಲ್ಲ. ಅವು ಬೆರಗನ್ನು ಹೆಚ್ಚಿಸುವುದಕ್ಕಾಗಿ ಕೆಳಗೆ ಹಾಸಿದ ಕಪ್ಪು ಬಟ್ಟೆಯಂತೆ ಮಾತ್ರ ಇವೆ. ಮೂರನೆಯದು ಆ ಹತ್ತೂವರೆ ವರ್ಷಗಳನ್ನು ಸೇವೆಯೆಂದೇ ಎಣಿಸಿ, ಉಳಿದ ಸೇವೆಯನ್ನು ಹೇಳುವಂತೆಯೇ, ದಳ, ಕಾಲ, ದರ್ಜೆ, ಕೆಲಸಗಳೊಡನೆ ಹೇಳುವುದು.

ಮೂರನೆಯದೇ ಸರಿಯೆಂಬುದಕ್ಕೆ ಕಾರಣ ನೀತಿಯದು ಮಾತ್ರವಲ್ಲ. 1914ರ ಆಗಸ್ಟಿನಲ್ಲಿ ಬ್ರಿಟಿಷ್ ಸೈನ್ಯವು ಮಾನ್ಸ್ ಎಂಬಲ್ಲಿಂದ ಹಿಂದೆಗೆದಾಗ ಅದರ ಆಹಾರ ಸಾಮಗ್ರಿಗಳ ಹೊಣೆ ರಾಬರ್ಟ್‌ಸನ್ನನ ಮೇಲಿದ್ದಿತು. ದಣಿದು ಚೆದರಿದ ತುಕಡಿಗಳನ್ನು ಹುಡುಕಿ ರೇಷನ್ ಹಂಚುವುದು ಅಸಾಧ್ಯವೆಂದು ಕಂಡು, ಅವರು ಹಾದುಬರುವ ದಾರಿಗಳ ಬದಿಯಲ್ಲಿ ಆಹಾರವನ್ನು ರಾಶಿಹಾಕಿಸಿ ಬಿಡಿಸಿದನು. ಸಿಕ್ಕಿದವರು ಎತ್ತಿಕೊಂಡು ನಡೆಯಲೆಂದು. ಲೆಕ್ಕಪತ್ರದ ದೃಷ್ಟಿಯಿಂದ ಇದು ಅಪವ್ಯಯ. ಹಸಿದು ನಡೆಯುವ ಸಿಪಾಯಿಯ ದೃಷ್ಟಿಯಿಂದ ಇದೊಂದೇ ಉಪಾಯ. ಸಿಪಾಯಿಯ ಹೊಟ್ಟೆಯನ್ನು ಪುಸ್ತಕದಿಂದ ಬಲ್ಲವನಿಗೂ ಇದು ಹೊಳೆಯಬಹುದಿತ್ತು. ಆದರೆ ಬ್ಯಾರಕ್ಕಿನ ಊಟವನ್ನು ವರ್ಷಗಟ್ಟಲೆ ಉಂಡವನಿಗೆ ಬೇಗ ಹೊಳೆದುದರಲ್ಲಿ ಆಶ್ಚರ್ಯವಿಲ್ಲ. 1877ರಿಂದ 1888ರವರೆಗಿನ ಕಾಲವನ್ನು ವೃತ್ತಾಂತದಿಂದ ತೆಗೆದುಹಾಕಿದರೆ 1914ರ ಕಾರ್ಯಕ್ಕೆ ಬೇರೇ ಇಲ್ಲದಂತಾಗುವುದು. ಹೀಗೆ ಬಿಟ್ಟು ಬರೆದವನು ವಿನಯವನ್ನು ತೋರಿದಂತಾಗದು, ಚರಿತ್ರೆಯನ್ನು ಕೆಡಿಸಿದಂತಾಗುತ್ತದೆ.

ರಾಬರ್ಟ್‌ಸನ್ನನು 1921ರಲ್ಲಿ ತನ್ನ ಆತ್ಮಕಥೆಯನ್ನು ಪ್ರಕಟಿಸಿದಾಗ ಆರಂಭದ ಪ್ರಕರಣಗಳನ್ನು ಸಿಪಾಯಿಯ ಬಾಳಿಗೇ ಮೀಸಲಿಟ್ಟನು. ಅದರ ಹೆಸರು, ಕನ್ನಡದಲ್ಲಿ ಹೇಳುವುದಾದರೆ, 'ಸಿಪಾಯಿಯಿಂದ ಫೀಲ್ಡ್ ಮಾರ್ಷಲ್‌ವರೆಗೆ' ಎಂದಾಗುತ್ತದೆ. ಡೆಹರಾಡೂನಿನ ಮೊದಲ ತಂಡದ ಮಹಮ್ಮದ್ ಮೂಸಾ 1926ರಲ್ಲಿ ಹಜಾರಾ ಪಯೋನಿಯರ್ಸ್ ದಳದಲ್ಲಿ ಜವಾನನಾಗಿ ಸೇರಿದವನು. 1958ರಿಂದ 1966ರವರೆಗೆ ಪಾಕಿಸ್ತಾನದ ಸೇನಾಧಿಪತಿಯಾಗಿದ್ದು, 1984ರಲ್ಲಿ ಪ್ರಕಟವಾದ ತನ್ನ ಸ್ಮರಣೆಗಳಿಗೆ 'ಜವಾನನಿಂದ ಜನರಲ್‌ವರೆಗೆ' ಎಂಬರ್ಥದ ಹೆಸರನ್ನೇ ಇಟ್ಟನು. ಅದೇ ತಂಡದಲ್ಲಿ ಬರ್ಮಾ ರೈಫಲ್ಸ್ ದಳದಿಂದ ಬಂದ ಸ್ಮಿತ್ ಡನ್ ಎಂಬ ಕರೆನ್ ಜನಾಂಗದವನೂ ಇದ್ದನು. ಸ್ವತಂತ್ರ ಬರ್ಮಾದೇಶದ ಮೊದಲ ಸೇನಾಧಿಪತಿಯಾಗಿ 1949ರಲ್ಲಿ, ಕರೆನ್ ಜನರು ದಂಗೆಯೆದ್ದಾಗ, ಪದವಿಯನ್ನು ಕಳೆದುಕೊಂಡನು. ಆತನು ತನ್ನ ಸ್ಮರಣೆಗಳನ್ನು ಕರೆದುದು ನಾಲ್ಕಡಿಯ ಕರ್ನಲನ ನೆನಪುಗಳೆಂದು. ಕುಳ್ಳನಾದ ತನ್ನನ್ನು ತಾನೇ ನಕ್ಕುಕೊಂಡ ಆ ಹೆಸರಿನಲ್ಲಿ ಏಣಿಯ ಮಾತಿಲ್ಲ. ಈ ಮೂರು ಹೆಸರುಗಳಲ್ಲಿ ಇದೇ ಹೆಚ್ಚು ಸೊಗಸಾದುದೆಂದು ಯಾರಿಗಾದರೂ ತೋರಿದರೆ ತಪ್ಪಲ್ಲ.

ಏಣಿಯ ಉಪಮೆಯಲ್ಲಿ ದೋಷವೇನೆಂದರೆ, ಏಣಿಯ ಕೆಳಗಿನ ಮೆಟ್ಟಲು ಇರುವುದು ಕಾಲಿಟ್ಟು ಬಿಡುವುದಕ್ಕೆ. ಸಿಪಾಯಿತನದಿಂದ ಮೇಲೇರಿದನು, ಸಿಪಾಯಿಯಾಗಿದ್ದರೂ ದಳಪತಿಯಾದನು ಎಂದು ಬರೆಯುವಾಗ, ಬರೆದವನಿಗೆ ತಿಳಿಯದಂತೆಯೇ, ಸಿಪಾಯಿತನವು ಒಂದು ಹಳ್ಳವೆಂದಾಗುತ್ತದೆ. 16ನೆಯ ಲ್ಯಾನ್ಸರ್ಸ್ ದಳದಲ್ಲಿ ರಾಬರ್ಟ್‌ಸನ್ನನೊಡನೆ ಕುದುರೆ ಉಜ್ಜಿದವರಲ್ಲಿ ಹೆಚ್ಚಿನವರು ಸಿಪಾಯಿಗಳಾಗಿಯೇ ಸೇವೆಯನ್ನು ಮುಗಿಸಿದರು. ಅವರು ಹಳ್ಳದಲ್ಲಿ ಬಿದ್ದಿದ್ದು ಏಳಲಾರದೆ ಹೋದವರೇ? ಅವರು ಇಲ್ಲದಿದ್ದರೆ ಯಾವ ದಳಕ್ಕೆ ಯಾವನು ಪತಿಯಾಗುತ್ತಿದ್ದನು? 'ಆಗಿದ್ದರೂ' ಎಂಬಲ್ಲಿನ ಒಂದು 'ಊ' ಕಾರವು ಸಾವಿರಾರು ಜನರನ್ನು ಅವಮಾನ ಮಾಡಬಲ್ಲದು. ಹೊಗಳುವವರ ವಾಕ್ಯಗಳಲ್ಲಿಯೇ ಇಂತಹ 'ಊ' ಕಾರಗಳು ಹೆಚ್ಚು.

ಮಹಾಭಾರತದ ಆದಿಪರ್ವದಲ್ಲಿ ಕುಮಾರರ ಅಸ್ತ್ರಪರೀಕ್ಷೆಯ ಪ್ರಸಂಗವನ್ನು ವಾಚಕರು ಬಲ್ಲರು. ಕರ್ಣನು ರಂಗಕ್ಕೆ ಬಂದು ಅರ್ಜುನನನ್ನು ದ್ವಂದ್ವಕ್ಕೆ ಕರೆದಾಗ ಕೃಪಾಚಾರ್ಯರು ಅವನ ತಾಯಿತಂದೆಗಳನ್ನೂ ವಂಶವನ್ನೂ ಕೇಳುತ್ತಾರೆ. ಕರ್ಣನ ಮುಖ ಬಾಡುತ್ತದೆ, ಮಾತು ಹೊರಡುವುದಿಲ್ಲ. ದುರ್ಯೋಧನನು ಆ ಕ್ಷಣದಲ್ಲಿಯೇ ಅವನಿಗೆ ಅಂಗರಾಜ್ಯದ ಪಟ್ಟವನ್ನು ಕಟ್ಟುತ್ತಾನೆ. ಇಂದಿನ ಮಾತಿನಲ್ಲಿ ಹೇಳಿದರೆ ಕಮಿಷನ್ ಕೈಗೆ ಬಂದಿತು. ಅಷ್ಟರಲ್ಲಿ ಮುದುಕನಾದ ಸೂತ ಅಧಿರಥನು ಕೋಲೂರಿಕೊಂಡು, ಬೆವರುತ್ತ, ನಡುಗುತ್ತ, ಜಾರುವ ಉತ್ತರೀಯದೊಡನೆ ರಂಗದೊಳಕ್ಕೆ ಬರುತ್ತಾನೆ. ಕರ್ಣನು ಬಿಲ್ಲನ್ನು ಬಿಟ್ಟು, ಅಭಿಷೇಕಜಲದಿಂದ ಇನ್ನೂ ಒದ್ದೆಯಾಗಿರುವ ತಲೆಯನ್ನು ಬಾಗಿಸಿ ಅವನಿಗೆ ನಮಸ್ಕರಿಸುತ್ತಾನೆ. ಅಧಿರಥನು ಸಂಭ್ರಮದಿಂದ ತನ್ನ ಕಾಲುಗಳನ್ನು ಬಟ್ಟೆಯ ಸೆರಗಿನಿಂದ ಮುಚ್ಚಿಕೊಂಡು ಮಗನೇ ಎಂದು ಕರೆಯುತ್ತಾನೆ. ದೊರೆಯಾದವನು ತನಗೆ ತಲೆಬಾಗಿದನಲ್ಲಾ ಎಂಬ ಸಂಕೋಚದಿಂದ ಕಾಲನ್ನು ಮುಚ್ಚಿಕೊಳ್ಳುವ ಆ ಮುದುಕನ ಕೈ, ಹಳೆಯ ಹವಾಲ್ದಾರನೊಬ್ಬನು ತಾನು ಕವಾಯತು ಕಲಿಸಿದ ಹುಡುಗನು ಅಧಿಕಾರಿಯಾಗಿ ಎದುರಿಗೆ ಬಂದಾಗ ಪಡುವ ಸಂಕೋಚವನ್ನೇ ನೆನಪಿಗೆ ತರುತ್ತದೆ. ಭೀಮನು ಇದನ್ನು ನೋಡಿ ಚಾವಟಿಯನ್ನು ಹಿಡಿ ಎಂದು ಹಂಗಿಸಿದುದೂ ಉಂಟು. ಕರ್ಣನಲ್ಲಿ ವಿಶೇಷವಾದ ಆದರವನ್ನಿಟ್ಟ ಪಂಪನು ಸ್ವತಃ ಕವಿಯೂ ಯೋಧನೂ ಆಗಿದ್ದವನೆಂಬುದು ಇಲ್ಲಿ ಸ್ಮರಣೀಯ.

ಇಲ್ಲಿ ಗಮನಿಸಬೇಕಾದುದು ಒಂದೇ ಮನುಷ್ಯನಲ್ಲಿ, ಒಂದೇ ಗಳಿಗೆಯಲ್ಲಿ, ನಾಚಿಕೆಯೂ ನಾಚಿಕೆಯ ಅಭಾವವೂ ಕಾಣುವುದು. ಕೃಪರು ಕೇಳಿದಾಗ ಸೂತಪುತ್ರನೆಂದು ಹೇಳಲಾರದೆ ತಲೆ ತಗ್ಗಿಸಿದವನು, ಅಧಿರಥನು ಬಂದಾಗ ಸಭೆಯೆಲ್ಲ ನೋಡುತ್ತಿರುವಂತೆಯೇ ತಲೆ ಬಾಗಿಸಿದನು. ಇದರಲ್ಲಿ ವಿರೋಧವಿಲ್ಲ. ಕೃಪರ ಪ್ರಶ್ನೆಯು ಹೊರಗೆ ಹಾಕುವುದಕ್ಕಾಗಿ ಕೇಳಿದ ಪ್ರಶ್ನೆ. ಅದಕ್ಕೆ ಉತ್ತರ ಕೊಡುವ ಋಣ ಯಾರಿಗೂ ಇಲ್ಲ. ಅಧಿರಥನು ಏನನ್ನೂ ಕೇಳಲಿಲ್ಲ. ಅವನಿಗೆ ಸಲ್ಲಬೇಕಾದುದು ಮಾತ್ರ ಇದ್ದಿತು. ಮುಂದೆ ಉದ್ಯೋಗಪರ್ವದಲ್ಲಿ ಕೃಷ್ಣನು ಜನ್ಮರಹಸ್ಯವನ್ನು ತಿಳಿಸಿ ರಾಜ್ಯವನ್ನೇ ಮುಂದಿಟ್ಟಾಗಲೂ ಕರ್ಣನು ರಾಧೆಯ ಹಾಲನ್ನೂ ಅಧಿರಥನು ಮಾಡಿಸಿದ ಸಂಸ್ಕಾರಗಳನ್ನೂ ತೊಡೆದುಹಾಕಲು ಒಪ್ಪಲಿಲ್ಲ.

ಸೇವಾವೃತ್ತಾಂತದ ಒಂದು ಪುಟವನ್ನು ಕೃಪರೂ ಓದುತ್ತಾರೆ, ಅಧಿರಥನೂ ಓದುತ್ತಾನೆ. ಭೋಜನಶಾಲೆಯಲ್ಲಿ ನಿಮ್ಮದು ಯಾವ ಶಾಲೆ, ಯಾವ ಮನೆತನ ಎಂದು ಕೇಳಿದ ಶ್ರೀಮಂತ ಯುವಕನಿಗೆ ರಾಬರ್ಟ್‌ಸನ್ನನಂತಹವನೊಬ್ಬನು ಮೌನದಿಂದ ನೀರಿನ ಲೋಟವನ್ನು ಎತ್ತಿದ್ದರೆ ಅದನ್ನು ಹೇಡಿತನವೆನ್ನಲಾಗದು. ಪದವೃದ್ಧಿಗಾಗಿ ಕುಳಿತ ಮಂಡಲಿಯ ಮುಂದೆ, ಪೂರ್ವಸೇವೆಯನ್ನು ಕಂಡರೆ ವಯಸ್ಸಾಯಿತೆಂದೋ ಸಂಸ್ಕಾರ ಸಾಲದೆಂದೋ ತಳ್ಳಿಹಾಕುವರೆಂಬ ಭಯದಿಂದ ಒಬ್ಬ ಕ್ಯಾಪ್ಟನ್ ಅದನ್ನು ಒಂದು ಸಾಲಿನಲ್ಲಿ ಮುಗಿಸಿದರೆ ಅವನನ್ನು ದೂಷಿಸುವುದಕ್ಕಿಂತ ಆ ಮಂಡಲಿಯನ್ನು ದೂಷಿಸುವುದು ನ್ಯಾಯ. ಆದರೆ ಪದವಿಯೆಲ್ಲ ಕೈಸೇರಿ, ಪಟ್ಟದ ನೀರು ತಲೆಯ ಮೇಲಿರುವಾಗ, ಊರಿನ ಸಭೆಯಲ್ಲಿ ಹಂಚುವ ಪುಟದಲ್ಲಿಯೂ ಆ ವರ್ಷಗಳಿಲ್ಲದಿದ್ದರೆ, ಸಭೆಯ ಹಿಂದಿನ ಸಾಲಿನಲ್ಲಿ ಕುಳಿತ ನಿವೃತ್ತ ನಾಯಕನು ಅದನ್ನು ಓದಿ ಏನೆಂದುಕೊಳ್ಳಬೇಕು? ಒಂದೇ ತಟ್ಟೆಯಲ್ಲಿ ಉಂಡವನು ತನ್ನನ್ನು ತೊಳೆದುಕೊಂಡನೆಂದಲ್ಲವೇ?

ಇದಕ್ಕೆ ಪ್ರತಿಯಾಗಿ ಒಂದು ಆಕ್ಷೇಪಣೆಯನ್ನು ಹೇಳಬಹುದು. ಸನ್ಯಾಸಿಗಳ ಪೂರ್ವಾಶ್ರಮವನ್ನು ಕೇಳಬಾರದು, ಅವರೂ ಹೇಳಬಾರದೆಂಬ ಸಂಪ್ರದಾಯವಿದೆ. ಹೊಸ ದೀಕ್ಷೆ, ಹೊಸ ಹೆಸರು, ಹಳೆಯದು ಸತ್ತಂತೆ. ಅಧಿಕಾರಪದವಿಯೂ ಅಂತಹ ಒಂದು ದೀಕ್ಷೆಯೇ ಅಲ್ಲವೇ? ಸಿಪಾಯಿಯ ಸಂಖ್ಯೆ ಹೋಗಿ ಅಧಿಕಾರಿಯ ಸಂಖ್ಯೆ ಬರುವುದಿಲ್ಲವೇ? ಆಕ್ಷೇಪಣೆಯಲ್ಲಿ ಸ್ವಾರಸ್ಯವಿದೆ. ಆದರೆ ಸನ್ಯಾಸಿಯು ಪೂರ್ವಾಶ್ರಮದ ಹೆಸರನ್ನು ಬಿಡುವಾಗ ಅದರ ಆಸ್ತಿಯನ್ನೂ ಬಿಡುತ್ತಾನೆ. ಸೈನ್ಯದ ಅಧಿಕಾರಿಗೆ ಸಿಪಾಯಿಯಾಗಿ ದುಡಿದ ವರ್ಷಗಳು ಸಾಮಾನ್ಯವಾಗಿ ಪಿಂಚಣಿಯ ಲೆಕ್ಕದಲ್ಲಿ ಸೇರುತ್ತವೆ. ಖಜಾನೆಯ ಮುಂದೆ ಸ್ಮರಣೆಗೆ ಬರುವ ವರ್ಷಗಳು ಸನ್ಮಾನಪತ್ರದಲ್ಲಿ ಮರೆತುಹೋಗುವುದಕ್ಕೆ ವೈರಾಗ್ಯವೆಂದು ಹೆಸರಿಡಲಾಗದು.

ಮರೆಮಾಡುವುದರ ಮಾತು ಇಷ್ಟಾಯಿತು. ಈ ಕಾಲದಲ್ಲಿ ಅದಕ್ಕಿಂತ ಹೆಚ್ಚಾಗಿ ಕಾಣುವುದು ಮೆರೆಸುವಿಕೆ. ಪ್ರಜಾಪ್ರಭುತ್ವದ ದೇಶಗಳಲ್ಲಿ ಕೆಳಗಿನಿಂದ ಬಂದವನೆಂಬುದು ಈಗ ಒಂದು ಭೂಷಣ. ಆದುದರಿಂದ ಗೇಣಷ್ಟು ಸಿಪಾಯಿತನವನ್ನು ಮಾರಷ್ಟು ಮಾಡುವ ಆಸೆ ಹುಟ್ಟುತ್ತದೆ. ಅಮೆರಿಕ ದೇಶದ ಜಾನ್ ಶಾಲಿಕಾಶ್ವಿಲಿ ವಾರ್ಸಾದಲ್ಲಿ ಹುಟ್ಟಿ, ಆ ದೇಶಕ್ಕೆ ವಲಸೆ ಬಂದು, 1958ರಲ್ಲಿ ಕಡ್ಡಾಯ ಸೇನಾಸೇವೆಯ ನಿಯಮದಂತೆ ಸಾಮಾನ್ಯ ಸಿಪಾಯಿಯಾಗಿ ಸೇರಿ, ಮರುವರ್ಷವೇ ಅಧಿಕಾರಿಯಾದವನು. 1993ರಿಂದ 1997ರವರೆಗೆ ಆ ದೇಶದ ಸೇನಾಮುಖ್ಯಸ್ಥರ ಮಂಡಲಿಯ ಅಧ್ಯಕ್ಷನಾಗಿದ್ದನು. ಆತನು ಸಿಪಾಯಿಯಾಗಿದ್ದುದು ನಿಜ. ರಾಬರ್ಟ್‌ಸನ್ನನು ಸಿಪಾಯಿಯಾಗಿದ್ದುದೂ ನಿಜ. ಒಂದು ವರ್ಷಕ್ಕೂ ಹತ್ತು ವರ್ಷಕ್ಕೂ ಒಂದೇ ಮಾತನ್ನು ಬಳಸಿದರೆ ಎರಡೂ ನಿಜಗಳು ಸೇರಿ ಒಂದು ಸುಳ್ಳಾಗುವುವು. ವರ್ಷವನ್ನು ನಮೂದಿಸಿದರೆ ಈ ತೊಡಕಿಲ್ಲ, ಓದುವವನೇ ಅಳೆದುಕೊಳ್ಳುತ್ತಾನೆ.

ಮೆರೆಸುವಿಕೆಗೆ ಲೋಕವೂ ನೆರವಾಗುತ್ತದೆ. ಫ್ರಾನ್ಸಿನ ಬರ್ನಾಡೊಟ್ 1780ರಲ್ಲಿ ಸಿಪಾಯಿಯಾಗಿ ಸೇರಿ, 1804ರಲ್ಲಿ ನೆಪೋಲಿಯನ್ನನ ಮಾರ್ಷಲ್ ಆಗಿ, 1818ರಲ್ಲಿ ಸ್ವೀಡನ್ ದೇಶದ ಸಿಂಹಾಸನವನ್ನೇ ಏರಿದನು. ಇಷ್ಟು ಸಾಲದೆಂದು ಜನರು, ಆ ದೊರೆಯ ತೋಳಿನ ಮೇಲೆ ದೊರೆಗಳಿಗೆ ಸಾವು ಬರಲಿ ಎಂಬ ಹಚ್ಚೆಯಿತ್ತೆಂದು ಕಥೆ ಕಟ್ಟಿದರು. ಕಥೆಗೆ ಆಧಾರವಿಲ್ಲ, ರುಚಿಯಿದೆ, ಆದುದರಿಂದಲೇ ಉಳಿದಿದೆ.

ಆದರೆ ಎಲ್ಲವ��ೂ ನಗುವಿನಲ್ಲಿ ಮುಗಿಯುವುದಿಲ್ಲ. ಅಮೆರಿಕದ ನೌಕಾದಳದ ಜೆರೆಮಿ ಬೂರ್ಡಾ 1956ರಲ್ಲಿ, ಹದಿನಾರರ ಹರೆಯದಲ್ಲಿ, ವಯಸ್ಸನ್ನು ಹೆಚ್ಚಾಗಿ ಹೇಳಿ ಸಾಮಾನ್ಯ ನಾವಿಕನಾಗಿ ಸೇರಿದನು, 1962ರಲ್ಲಿ ಅಧಿಕಾರಿಯಾದನು, 1994ರಲ್ಲಿ ನೌಕಾದಳದ ಮುಖ್ಯಸ್ಥನಾದನು. ಸಾಮಾನ್ಯ ನಾವಿಕನಾಗಿದ್ದವನೊಬ್ಬನು ಆ ಸ್ಥಾನಕ್ಕೆ ಬಂದುದು ಅದೇ ಮೊದಲು. ನಾವಿಕರು ಆತನನ್ನು ತಮ್ಮವನೆಂದೇ ಎಣಿಸಿದರು. ಆತನು ಎರಡು ಪದಕಗಳ ಪಟ್ಟಿಗಳ ಮೇಲೆ, ಯುದ್ಧರಂಗದ ಸೇವೆಯನ್ನು ಸೂಚಿಸುವ, ಇಂಗ್ಲಿಷಿನ 'ವಿ' ಅಕ್ಷರದ ಸಣ್ಣ ಕಂಚಿನ ಗುರುತುಗಳನ್ನು ಧರಿಸುತ್ತಿದ್ದುದು ಸರಿಯೇ ಎಂಬ ಪ್ರಶ್ನೆ ಎದ್ದಿತು. ಅವುಗಳನ್ನು ಆತನು ಸುಮಾರು ಒಂದು ವರ್ಷಕ್ಕೆ ಮೊದಲೇ ತೆಗೆದಿದ್ದನು. ಪತ್ರಿಕೆಯವರು ಅದನ್ನು ವಿಚಾರಿಸಲು ಬರಲಿದ್ದ ದಿನ, 1996ರ ಮೇ 16ರಂದು, ಆತನು ತನ್ನ ಪ್ರಾಣವನ್ನು ತಾನೇ ಕಳೆದುಕೊಂಡನು. ನೌಕಾದಳದ ಹಿಂದಿನ ಮುಖ್ಯಸ್ಥನಾದ ಜುಮ್ವಾಲ್ಟ್ ಎಂಬುವನು ಆ ಗುರುತುಗಳು ಸಲ್ಲತಕ್ಕವೇ ಎಂದು ಆಮೇಲೆ ಬರೆದುಕೊಟ್ಟನು. ಸಲ್ಲುತ್ತಿದ್ದವೋ ಇಲ್ಲವೋ ಎಂಬ ತೀರ್ಪು ಇಲ್ಲಿ ಬೇಕಿಲ್ಲ. ಒಬ್ಬನ ಸಾವಿಗೆ ಇದೊಂದೇ ಕಾರಣವೆನ್ನುವುದೂ ಅವಿವೇಕ. ಅಂಗುಲದಷ್ಟೂ ಇಲ್ಲದ ಕಂಚಿನ ಚೂರೊಂದು ಸಾಮಾನ್ಯ ನಾವಿಕನು ಓದುವ ವಾಕ್ಯವಾಗಿರುತ್ತದೆಂಬುದನ್ನು ಈ ಪ್ರಸಂಗದಿಂದ ತಿಳಿಯಬಹುದು. ಕೆಳಗಿನ ಸಾಲಿನಿಂದ ಬಂದವನನ್ನು ಆ ಸಾಲಿನವರು ಹೆಚ್ಚು ಪ್ರೀತಿಸುತ್ತಾರೆ. ಆದುದರಿಂದಲೇ ಅವನ ಪುಟದ ಒಂದೊಂದು ಅಕ್ಷರವೂ ಹೆಚ್ಚು ಭಾರವನ್ನು ಹೊರಬೇಕಾಗುತ್ತದೆ.

ಹಾಗಾದರೆ ಬಳಸಬೇಕಾದ ಮಾತು ಯಾವುದು? ಸಂಸ್ಕೃತ ವ್ಯಾಕರಣದಲ್ಲಿ, ಹಿಂದೆ ಹಾಗಿದ್ದನು ಎಂಬಷ್ಟೇ ಅರ್ಥವನ್ನು ಕೊಡುವ ಒಂದು ಪ್ರತ್ಯಯವನ್ನು ಪಾಣಿನಿಯು ವಿಧಿಸಿದ್ದಾನೆ. ಹಿಂದೆ ಐಶ್ವರ್ಯವಂತನಾಗಿದ್ದವನು ಆಢ್ಯಚರನು. ಅದರಲ್ಲಿ ಅಯ್ಯೋ ಎಂಬ ಮರುಕವೂ ಇಲ್ಲ, ಭಲೇ ಎಂಬ ಮೆಚ್ಚಿಕೆಯೂ ಇಲ್ಲ. ಇದ್ದುದನ್ನು ಇದ್ದಂತೆ ಹೇಳುತ್ತದೆ. ಕನ್ನಡದಲ್ಲಿ ಆ ಕೆಲಸವನ್ನು ಈಗ 'ಮಾಜಿ' ಎಂಬ ಮಾತು ಮಾಡುತ್ತಿದೆಯಾದರೂ, ಮಾಜಿ ಮಂತ್ರಿಗಳ ಸಹವಾಸದಿಂದ ಅದಕ್ಕೆ ಕಳೆದುಕೊಂಡವನ ಛಾಯೆ ಹತ್ತಿಬಿಟ್ಟಿದೆ. ಹಾಗೆಂದು ಅಧಿಕಾರಿಯನ್ನು ಭಟಚರನೆಂದು ಕರೆಯಬಹುದೇ? ಅದೂ ಪೂರ್ತಿ ಸರಿಯಲ್ಲ. ಆಢ್ಯಚರನ ಐಶ್ವರ್ಯ ಹೋಯಿತು. ಭಟನಾಗಿದ್ದು ದಳಪತಿಯಾದವನ ಭಟತ್ವ ಹೋಗಲಿಲ್ಲ. ರಾಬರ್ಟ್‌ಸನ್ನನು ಫೀಲ್ಡ್ ಮಾರ್ಷಲ್ ಆದ ಮೇಲೆಯೂ ಹಳ್ಳಿಯವರಂತೆ ಹಕಾರವನ್ನು ನುಂಗಿ ಮಾತನಾಡುತ್ತಿದ್ದನೆಂದು ಲಂಡನ್ನಿನ ದೊಡ್ಡವರು ಕಥೆಗಳನ್ನು ಹೇಳಿಕೊಂಡು ನಗುತ್ತಿದ್ದರು. ನಕ್ಕವರಲ್ಲಿ ಎಷ್ಟು ಮಂದಿಯ ಉಚ್ಚಾರಣೆ ಇಂದು ಯಾರಿಗೆ ನೆನಪಿದೆ?

ವ್ಯಾಕರಣವು ಕೈಬಿಟ್ಟಲ್ಲಿ ದಿನಾಂಕವೇ ಗತಿ. ಯಾವ ದಳ, ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ದರ್ಜೆ, ಕೈಯಲ್ಲಿದ್ದ ಕೆಲಸವೇನು, ಯಾವ ಬಾಗಿಲಿನಿಂದ ಕಮಿಷನ್ ದೊರೆಯಿತು ಎಂಬಿಷ್ಟು ಸಾಕು. ಯಾವ ಬಾಗಿಲೆಂಬುದನ್ನು ಹೇಳುವುದು ಮುಖ್ಯ. ಏಕೆಂದರೆ ಆ ಬಾಗಿಲನ್ನು ಹುಡುಕುತ್ತಿರುವ ಸಿಪಾಯಿಯೊಬ್ಬನು ಆ ಪುಟವನ್ನು ಓದಬಹುದು. 1929ರಲ್ಲಿ ನೌಗಾಂವ್ ಎಂಬಲ್ಲಿ ಕಿಚನರ್ ಕಾಲೇಜಾಗಿ ಹುಟ್ಟಿದ ಸಂಸ್ಥೆಯು ಈಗ ಡೆಹರಾಡೂನಿನಲ್ಲಿ ಆರ್ಮಿ ಕೆಡೆಟ್ ಕಾಲೇಜೆಂಬ ಹೆಸರಿನಿಂದ ನಡೆಯುತ್ತಿದೆ. ಅಲ್ಲಿ ಮೂರು ದಳಗಳಿಂದಲೂ ಆಯ್ದುಬಂದವರು ಮೂರು ವರ್ಷ ಓದಿ ಪದವೀಧರರಾಗಿ, ಮತ್ತೊಂದು ವರ್ಷ ಅಕಾಡೆಮಿಯ ಶಿಕ್ಷಣವನ್ನು ಮುಗಿಸಿ ಅಧಿಕಾರಿಗಳಾಗುತ್ತಾರೆ. ಹೀಗೆ ಬಂದವನ ವೃತ್ತಾಂತದಲ್ಲಿ ಈ ಕಾಲೇಜಿನ ಹೆಸರನ್ನು ಬಿಟ್ಟು ಅಕಾಡೆಮಿಯ ಹೆಸರನ್ನು ಮಾತ್ರ ಹೇಳುವುದು, ತಾನು ಹಾದುಬಂದ ಬಾಗಿಲನ್ನು ಹಿಂದಿನವರಿಗೆ ಕಾಣದಂತೆ ಮುಚ್ಚಿದಂತೆಯೇ.

ಸ್ಥಳ ಸಾಲದೆಂಬ ಮಾತು ಹೆಚ್ಚು ನಿಲ್ಲುವುದಿಲ್ಲ. ರಾಬರ್ಟ್‌ಸನ್ನನ ಪುಟವನ್ನು ಹೀಗೆ ಆರಂಭಿಸಬಹುದು: 1877ರ ನವೆಂಬರಿನಲ್ಲಿ 16ನೆಯ ಲ್ಯಾನ್ಸರ್ಸ್ ದಳದಲ್ಲಿ ಸಿಪಾಯಿಯಾಗಿ ಸೇರಿ, 1885ರಲ್ಲಿ ಟ್ರೂಪ್ ಸಾರ್ಜೆಂಟ್ ಮೇಜರ್ ಆಗಿ, ಆ ದಳದಲ್ಲಿ ಹತ್ತು ವರ್ಷ ಏಳು ತಿಂಗಳು ಸೇವೆಮಾಡಿದನು, 1888ರ ಜೂನಿನಲ್ಲಿ 3ನೆಯ ಡ್ರಾಗೂನ್ ಗಾರ್ಡ್ಸ್ ದಳದಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಆಗಿ ಕಮಿಷನ್ ಪಡೆದು ಹಿಂದೂದೇಶಕ್ಕೆ ಬಂದನು. ಇದು ಅಚ್ಚಿನಲ್ಲಿ ನಾಲ್ಕು ಸಾಲುಗಳಾಗುತ್ತದೆ. ಪದಕಗಳ ಪಟ್ಟಿಯು ಇದರ ಎರಡರಷ್ಟು ಜಾಗವನ್ನು ಹಿಡಿಯುವುದೆಂದು ಬೇರೆ ಹೇಳಬೇಕಾಗಿಲ್ಲ.